ಅಪ್ಪನಿಗೆ ಕನ್ನಡ ಬಿಟ್ಟು ಬೇರೆ ಬರಲ್ಲ. ಅಮೆರಿಕದ ಕಮ್ಯುನಿಟಿ ಮೆಂಟಲ್ ಹೆಲ್ತ್ ಸೆಂಟರಿಗೆ ಕರೆದುಕೊಂಡು ಹೋದರೆ ಉಪಯೋಗ ಇದೆಯಾ?

ಅಮ್ಮ ತೀರಿಕೊಂಡ ಮೇಲೆ ಅಪ್ಪನನ್ನು ಗ್ರೀನ್ ಕಾರ್ಡ್ ಮಾಡಿಸಿ ಕರೆಸಿಕೊಂಡಿದ್ದೀರಿ. ಈಗ ಅವರಿಗೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ದಿನವಿಡೀ ಕಿಟಕಿ ಪಕ್ಕ ಕೂತಿರುತ್ತಾರೆ ಅಂತ ಬರೆದಿದ್ದೀರಿ. ಹತ್ತಿರದ ನಾನ್‌ಪ್ರಾಫಿಟ್ ಬಿಹೇವಿಯರಲ್ ಹೆಲ್ತ್ ಸೆಂಟರ್ (ಲಾಭಕ್ಕಲ್ಲದೆ ನಡೆಸುವ ಮಾನಸಿಕ ಆರೋಗ್ಯ ಕೇಂದ್ರ) ಅಂದರೆ ಬಡವರಿಗೆ, ಕುಡಿತ ಬಿಡಿಸುವುದಕ್ಕೆ ಇರುವ ಜಾಗ ಅಲ್ವಾ ಅನ್ನುವುದು ನಿಮ್ಮ ಅನುಮಾನ.

ಕರೆದುಕೊಂಡು ಹೋಗಿ. ನಾನು ಓಹಾಯೊದ ಕೊಲಂಬಸ್‌ನಲ್ಲಿ ಇಂಥದ್ದೇ ಒಂದು ಸೆಂಟರಿನಲ್ಲಿ ಇನ್‌ಟೇಕ್ ಕೆಲಸ ಮಾಡುತ್ತೇನೆ. ಹೊಸದಾಗಿ ಬಂದವರನ್ನು ಮೊದಲು ಕೂರಿಸಿ ಮಾತಾಡಿಸುವುದು, ಫಾರ್ಮ್ ತುಂಬಿಸುವುದು ನನ್ನ ಪಾಲಿಗೆ. ನಮ್ಮ ವೇಟಿಂಗ್ ರೂಮಿನಲ್ಲಿ ಸೊಮಾಲಿ ಅಜ್ಜಿಯರು, ಭೂತಾನಿನಿಂದ ನಿರಾಶ್ರಿತರಾಗಿ ಬಂದ ನೇಪಾಳಿ ಮಾತಾಡುವ ಹಿರಿಯರು, ಸ್ಪ್ಯಾನಿಷ್ ಮಾತಾಡುವ ಕುಟುಂಬಗಳು, ಇಲ್ಲೇ ಹುಟ್ಟಿ ಬೆಳೆದವರು ಎಲ್ಲರೂ ಇರುತ್ತಾರೆ. ಕುಡಿತ, ಡ್ರಗ್ಸ್ ಬಿಡಿಸುವ ವಿಭಾಗವೂ ಇದೆ, ನಿಜ. ಆದರೆ ಹೆಂಡತಿಯನ್ನು ಕಳೆದುಕೊಂಡು, ಊರನ್ನೂ ಬಿಟ್ಟು ಬಂದ ಹಿರಿಯರು ನಮಗೆ ಹೊಸಬರೇನಲ್ಲ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ಅಲ್ಲಿ ಅಪ್ಪನ ಪರವಾಗಿ ನೀವು ಅನುವಾದ ಮಾಡಬೇಡಿ.

ಮೊದಲ ದಿನವೇ ಸಾಮಾನ್ಯವಾಗಿ ಪಿಎಚ್‌ಕ್ಯೂ-9 ಅನ್ನುವ, ಖಿನ್ನತೆ ಎಷ್ಟಿದೆ ಅಂತ ನೋಡುವ ಹಾಳೆ ಕೊಡುತ್ತಾರೆ. ಒಂಬತ್ತು ಪ್ರಶ್ನೆ, ಕಳೆದ ಎರಡು ವಾರದ್ದು, ಒಂದೊಂದಕ್ಕೂ 0ಯಿಂದ 3ರವರೆಗೆ ಅಂಕ. ನಿದ್ದೆ, ಹಸಿವು, ಸುಸ್ತು ಎಲ್ಲ ಆಗಿ ಕೊನೆಯದು ಸಾವಿನ ಯೋಚನೆ ಬಗ್ಗೆ. ಒಮ್ಮೆ ನಮ್ಮ ಕಡೆಯವರೇ ಒಬ್ಬರು ಮಗನ ಜೊತೆ ಬಂದಿದ್ದರು. ಗುರುತು ಸಿಗದ ಹಾಗೆ ಹೇಳುತ್ತಿದ್ದೇನೆ. ಮಗ ಎಂಟು ಪ್ರಶ್ನೆ ಚೆನ್ನಾಗಿಯೇ ಕೇಳಿದ. ಒಂಬತ್ತನೆಯದಕ್ಕೆ ಬಂದಾಗ, "ಆ ಥರ ಎಲ್ಲ ಏನಿಲ್ಲ ಅಲ್ವಾಪ್ಪಾ?" ಅಂದ. ಅವರು ಮೇಜು ನೋಡುತ್ತಾ "ಇಲ್ಲ ಬಿಡು" ಅಂದರು. ಮಗ ನನ್ನ ಕಡೆ ತಿರುಗಿ ಸೊನ್ನೆ ಅಂದ. ನನಗೆ ಕನ್ನಡ ಬರುತ್ತದಲ್ಲ, ಅವನನ್ನು ಹೊರಗೆ ಕೂರಿಸಿ ನಾನೇ ಮತ್ತೆ ಕೇಳಿದೆ. ಆಗ ಬಂದ ಉತ್ತರ ಸೊನ್ನೆ ಆಗಿರಲಿಲ್ಲ. ಮಗನದೇನೂ ತಪ್ಪಿಲ್ಲ ಬಿಡಿ, ಯಾವ ಮಗನ ಬಾಯಲ್ಲಿ ಆ ಪ್ರಶ್ನೆ ನೆಟ್ಟಗೆ ಬರುತ್ತದೆ?

ಅನುವಾದಕ್ಕೆ ಇಂಟರ್‌ಪ್ರಿಟರ್ (ದುಭಾಷಿ) ಕೇಳಿ, ಅದು ಉಪಕಾರ ಬೇಡಿದ ಹಾಗಲ್ಲ. ಫೆಡರಲ್ ಸರ್ಕಾರದ ದುಡ್ಡು ಪಡೆಯುವ ಆಸ್ಪತ್ರೆ, ಸೆಂಟರುಗಳು ಇಂಗ್ಲಿಷ್ ಬಾರದವರಿಗೆ ಪುಕ್ಕಟೆಯಾಗಿ ಇಂಟರ್‌ಪ್ರಿಟರ್ ಕೊಡಬೇಕು. 1964ರ ಸಿವಿಲ್ ರೈಟ್ಸ್ ಕಾನೂನು ಮತ್ತು 2010ರ ಅಫೋರ್ಡಬಲ್ ಕೇರ್ ಆಕ್ಟ್ ಎರಡೂ ಇದಕ್ಕೆ ಆಧಾರ. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಹೇಳಿ. "ಇಂಡಿಯನ್" ಅಂದುಬಿಟ್ಟರೆ ರಿಸೆಪ್ಷನ್‌ನವರು ಸುಮ್ನೆ ಹಿಂದಿ ಅಂತ ಬರೆದುಕೊಳ್ಳುತ್ತಾರೆ, ಆದ್ದರಿಂದ ಕನ್ನಡ ಅಂತ ಸ್ಪೆಲ್ಲಿಂಗ್ ಸಮೇತ ಹೇಳಿ. ಇಂಟರ್‌ಪ್ರಿಟರ್ ಹೆಚ್ಚಾಗಿ ಫೋನಿನಲ್ಲಿ ಸಿಗುತ್ತಾರೆ. ಬೇರೆ ಯಾವುದೋ ರಾಜ್ಯದಲ್ಲಿ ಕೂತಿರುತ್ತಾರೆ, ಹೆಸರಿನ ಬದಲು ಒಂದು ನಂಬರ್ ಹೇಳುತ್ತಾರೆ. ನಮ್ಮವರಿಗೆ ಇದೇ ವಾಸಿ. ಕನ್ನಡ ಸಂಘದ ಯುಗಾದಿ ಊಟಕ್ಕೆ ಎದುರು ಸಿಗುವವರ ಮುಂದೆ ಯಾರು ಮನಸ್ಸು ಬಿಚ್ಚುತ್ತಾರೆ? ಅಪ್ಪನಿಗೆ ಅವರ ಮಾತು ಅರ್ಥವಾಗದಿದ್ದರೆ ಬೇರೆಯವರನ್ನು ಕೇಳಬಹುದು.

ಅಪ್ಪ ಅಲ್ಲಿ "ಬೇಜಾರು" ಅನ್ನುತ್ತಾರೆ ಅಂತ ನಿರೀಕ್ಷೆ ಬೇಡ. ಎದೆ ಉರಿ, ಗ್ಯಾಸ್, ಮೈ ಕೈ ನೋವು ಅಂತಲೇ ಶುರು ಮಾಡುತ್ತಾರೆ. ಹೇಳಲಿ ಬಿಡಿ. ಮೊದಲು ಮಾಮೂಲಿ ಡಾಕ್ಟರ್ ಹತ್ತಿರ ಥೈರಾಯ್ಡ್, ಬಿ12 ಟೆಸ್ಟ್ ಮಾಡಿಸಿ ರಿಪೋರ್ಟ್ ಇಟ್ಟುಕೊಳ್ಳಿ. ಅವೆರಡು ಕಡಿಮೆಯಾದರೂ ಮನುಷ್ಯ ಹೀಗೇ ಮಂಕಾಗುತ್ತಾನೆ, ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಜಾಸ್ತಿ ಬೇರೆ. ಊರಿಂದ ಸೂಟ್‌ಕೇಸಿನಲ್ಲಿ ಬಂದ ಮಾತ್ರೆ ಸ್ಟ್ರಿಪ್‌ಗಳನ್ನೆಲ್ಲ ಒಂದು ಕವರಿಗೆ ಹಾಕಿ ತೆಗೆದುಕೊಂಡು ಹೋಗಿ. ಅದರಲ್ಲಿ ಆಲ್ಪ್ರಜೋಲಮ್ ಥರದ ನಿದ್ದೆ ಮಾತ್ರೆ ಇದ್ದರೆ ತಪ್ಪದೆ ತೋರಿಸಿ. ಸ್ಟಾಕ್ ಮುಗಿಯಿತು ಅಂತ ದಿಢೀರ್ ನಿಲ್ಲಿಸುವುದು ಅಪಾಯ.

ದುಡ್ಡಿನ ವಿಷಯ. ಹೊಸದಾಗಿ ಗ್ರೀನ್ ಕಾರ್ಡ್ ಬಂದವರಿಗೆ ಬಹಳಷ್ಟು ರಾಜ್ಯಗಳಲ್ಲಿ ಮೊದಲ 5 ವರ್ಷ ಮೆಡಿಕೇಡ್ (ಕಡಿಮೆ ಆದಾಯದವರ ಸರ್ಕಾರಿ ಆರೋಗ್ಯ ವಿಮೆ) ಸಿಗುವುದಿಲ್ಲ. ಆದರೆ ಇಂಥ ಎಷ್ಟೋ ಸೆಂಟರುಗಳಲ್ಲಿ ಆದಾಯ ನೋಡಿ ಫೀಸು ಕಡಿಮೆ ಮಾಡುವ ಪದ್ಧತಿ ಇದೆ. ಅಪ್ಪನ ಆದಾಯ ಮಾತ್ರವೋ, ನಿಮ್ಮ ಸಂಬಳವೂ ಲೆಕ್ಕಕ್ಕೋ ಅಂತ ಮೊದಲೇ ಕೇಳಿಕೊಳ್ಳಿ.

ಕುಂದುಗಳೂ ಇವೆ. 1963ರಲ್ಲಿ ಅಧ್ಯಕ್ಷ ಕೆನಡಿ ಸಹಿ ಹಾಕಿದ ಕಾನೂನಿನಿಂದ ಈ ಸೆಂಟರುಗಳು ಶುರುವಾದವು. ದೊಡ್ಡ ಹುಚ್ಚಾಸ್ಪತ್ರೆಗಳಲ್ಲಿ ಕೂಡಿಹಾಕುವ ಬದಲು ಮನೆ ಹತ್ತಿರವೇ ಚಿಕಿತ್ಸೆ ಸಿಗಲಿ ಅಂತ. ಆಸ್ಪತ್ರೆಗಳು ಖಾಲಿಯಾದವು, ಅಂದುಕೊಂಡಷ್ಟು ಸೆಂಟರುಗಳು ಮಾತ್ರ ಏಳಲೇ ಇಲ್ಲ. ಇವತ್ತಿಗೂ ಸೈಕಿಯಾಟ್ರಿಸ್ಟ್ ನೋಡಲು ವಾರಗಟ್ಟಲೆ ಕಾಯಬೇಕಾಗಬಹುದು. ಸಂಬಳ ಸಾಲದೆ ಥೆರಪಿಸ್ಟ್‌ಗಳು ಬಿಟ್ಟು ಹೋಗುತ್ತಾರೆ, ಅಪ್ಪ ಹೊಸಬರಿಗೆ ಮತ್ತೆ ಮೊದಲಿಂದ ಹೇಳಬೇಕಾಗುತ್ತದೆ. ನಿಮ್ಮ ಹತ್ತಿರದ್ದು ಸಿಸಿಬಿಎಚ್‌ಸಿ (ಸರ್ಟಿಫೈಡ್ ಕಮ್ಯುನಿಟಿ ಬಿಹೇವಿಯರಲ್ ಹೆಲ್ತ್ ಕ್ಲಿನಿಕ್) ಅನ್ನುವ ಮಾನ್ಯತೆ ಪಡೆದದ್ದಾ ಅಂತ ಫೋನಿನಲ್ಲೇ ವಿಚಾರಿಸಿ. ಅಂಥವರು ತುರ್ತಿಲ್ಲದ ಹೊಸಬರನ್ನೂ 10 ಕೆಲಸದ ದಿನಗಳೊಳಗೆ ನೋಡಬೇಕು, ದುಡ್ಡಿಲ್ಲ ಅಂತ ವಾಪಸ್ ಕಳಿಸುವಂತಿಲ್ಲ.

"ನನಗೇನು ಹುಚ್ಚಾ?" ಅಂತ ಅಪ್ಪ ರೇಗಬಹುದು. ಬಿಪಿ ಚೆಕಪ್ ಅಂತ ಸುಳ್ಳು ಹೇಳಿ ಮಾತ್ರ ಕರೆದುಕೊಂಡು ಬರಬೇಡಿ. ಕೋಣೆಯೊಳಗೆ ಕೂತ ಮೇಲೆ ಗೊತ್ತಾಗಿ, ಬಾಯಿ ಮುಚ್ಚಿ ಕೂತವರನ್ನು ನೋಡಿದ್ದೇನೆ. ನಿದ್ದೆ ಬರುತ್ತಿಲ್ಲವಲ್ಲ, ಅದಕ್ಕೆ ಮಾತಾಡಿ ನೋಡೋಣ ಅನ್ನಿ. ಅದು ನಿಜವೂ ಹೌದು. ಅಪಾಯಿಂಟ್‌ಮೆಂಟಿಗೆ ಮುಂಚೆಯೇ ಅವರು ಸಾಯುವ ಮಾತಾಡಿದರೆ ಆ ದಿನಕ್ಕಾಗಿ ಕಾಯುವುದು ಬೇಡ. ಆತ್ಮಹತ್ಯೆ ತಡೆಯುವ ಸಹಾಯವಾಣಿ 988ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಯಾವಾಗಲೂ ಎತ್ತುತ್ತಾರೆ. ಅಪ್ಪನೇ ಮಾಡಬೇಕು ಅಂತಿಲ್ಲ, ನೀವೇ ಮಾಡಿ ಏನು ಮಾಡಲಿ ಅಂತ ಕೇಳಬಹುದು.