ಅಪ್ಪನ ಕೃತಕ ಕಾಲಿಗೆ ಎಲ್ಲಿಂದ ಶುರು ಮಾಡೋದು?

ಪ್ರಶ್ನೆ: ನಾವು ಗಂಗಾವತಿ ಕಡೆಯ ಹಳ್ಳಿಯವರು. ಅಪ್ಪನಿಗೆ 58 ವರ್ಷ. ಸಕ್ಕರೆ ಕಾಯಿಲೆಯಿಂದ ಗಾಯ ಮಾಯದೆ ಎರಡು ತಿಂಗಳ ಹಿಂದೆ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಕೃತಕ ಕಾಲಿಗೆ ಆಸ್ಪತ್ರೆಯಲ್ಲಿ ಕೇಳಿದರೆ ಕಚೇರಿಗೆ ಹೋಗಿ ಅಂತಾರೆ, ಕಚೇರಿಯಲ್ಲಿ ಕ್ಯಾಂಪ್ ಬರಲಿ ಅಂತಾರೆ. ಅಲ್ಲಿವರೆಗೂ ಕಾಯಬೇಕಾ ಸರ್?

ಉತ್ತರ: ಸುಮ್ನೆ ಕಾಯಬೇಡಮ್ಮ. ಈ ವಾರವೇ ಮಾಡುವ ಕೆಲಸ ಎರಡಿವೆ. ಒಂದು ಕಾಗದದ್ದು, ಇನ್ನೊಂದು ಅಪ್ಪನ ಕಾಲಿನದು.

ಕಾಗದಕ್ಕೆ ಮೊದಲು ನಿಮ್ಮ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಾಣಿ. ಅವರು ಸಿಗದಿದ್ದರೆ ತಾಲ್ಲೂಕು ಪಂಚಾಯಿತಿಯಲ್ಲಿ ಎಂಆರ್‌ಡಬ್ಲ್ಯೂ, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ ಆನ್‌ಲೈನ್ ಅರ್ಜಿ ಹಾಕಿಸಿ. ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ ಅಂಗವಿಕಲತೆ ಶೇಕಡಾ ಎಷ್ಟು ಅಂತ ಬರೆಯುತ್ತಾರೆ. ಕೃತಕ ಕಾಲಿನಂಥ ಸಲಕರಣೆ ಕೊಡುವ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಗೆ ಕನಿಷ್ಠ ಶೇ 40 ಇರಬೇಕು, ನಿಮ್ಮ ಅಪ್ಪನಿಗೆ ಅದಕ್ಕಿಂತ ಜಾಸ್ತಿಯೇ ಬರುತ್ತದೆ. ತಿಂಗಳ ಆದಾಯ 22,500 ರೂಪಾಯಿ ಒಳಗಿದ್ದರೆ ಪೂರ್ತಿ ನೆರವು, 30,000ದವರೆಗೆ ಅರ್ಧ. ಆದಾಯ ಪತ್ರ, ಆಧಾರ್, ಫೋಟೊ, ಡಿಸ್ಚಾರ್ಜ್ ಚೀಟಿ ಒಂದೇ ಕವರಿನಲ್ಲಿ ಇಟ್ಟುಕೊಳ್ಳಿ.

ಈ ಯೋಜನೆಯಲ್ಲಿ ಒಂದು ಸಲ ಕಾಲು ಪಡೆದರೆ ಮತ್ತೆ ಸಿಗುವುದು ಮೂರು ವರ್ಷದ ನಂತರ. 12 ವರ್ಷದೊಳಗಿನ ಮಕ್ಕಳಿಗಾದರೆ ಒಂದು ವರ್ಷ. ಹಾಗಾಗಿ ಅಳತೆ ಸರಿಯಿಲ್ಲದ ಕಾಲನ್ನು ಮುಲಾಜಿಗೆ ಬಿದ್ದು ತಗೊಂಡು ಬರಬೇಡಿ. ಹಾಗೆ ತಂದ ಕಾಲು ಗೋಣಿಚೀಲದಲ್ಲಿ ಸುತ್ತಿಕೊಂಡು ಅಟ್ಟ ಸೇರಿದ್ದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ. ಒಂದು ಸಾಕೆಟ್, ಅಂದರೆ ಉಳಿದ ಕಾಲಿನ ತುಂಡು ಕೂರುವ ಬಟ್ಟಲಿನಂಥ ಭಾಗ, ಸರಿಮಾಡಿದ್ದರೆ ಆ ಮನುಷ್ಯ ನಡೆಯುತ್ತಿದ್ದ.

ಇನ್ನು ಅಪ್ಪನ ಕಾಲು. ಉಳಿದ ತುಂಡನ್ನು ನಾವು ಸ್ಟಂಪ್ ಅಂತೀವಿ. ಈಗ ಅದು ಊದಿಕೊಂಡಿರುತ್ತದೆ. ಹೊಲಿಗೆ ಪೂರ್ತಿ ಮಾಗಿದೆಯಾ ಅಂತ ಸರ್ಜನ್ ಹತ್ತಿರ ತೋರಿಸಿ, ಅವರು ಹೂಂ ಅಂದ ಮೇಲೆ ಕ್ರೇಪ್ ಬ್ಯಾಂಡೇಜ್ ಕಟ್ಟಿ. ಉರುಟಾಗಿ ಸುತ್ತಬಾರದು, 8ರ ಆಕಾರದಲ್ಲಿ ಓರೆಯಾಗಿ ಸುತ್ತಬೇಕು. ತುದಿಯಲ್ಲಿ ಬಿಗಿ, ಮೇಲೆ ಹೋದಂತೆ ಸಡಿಲ. ಆಸ್ಪತ್ರೆಯ ಫಿಸಿಯೋಥೆರಪಿಸ್ಟ್ ಹತ್ತಿರ ಒಮ್ಮೆ ಕೈಯಾರೆ ಕಲಿತುಕೊಳ್ಳಿ. ಮೊಣಕಾಲಿನ ಕೆಳಗೆ ದಿಂಬು ಇಡಲೇಬೇಡಿ. ಆರಾಮ ಅನಿಸುತ್ತದೆ ನಿಜ, ಆದರೆ ಮೊಣಕಾಲು ಮಡಿಚಿದಂತೆಯೇ ಸೆಟೆದುಕೊಂಡರೆ ಎಷ್ಟು ಒಳ್ಳೆಯ ಕೃತಕ ಕಾಲು ಬಂದರೂ ನಿಲ್ಲೋಕಾಗಲ್ಲ.

ಅಳತೆ ದಿನ ಪ್ಲಾಸ್ಟರ್ ಅಚ್ಚು ತೆಗೆಯುತ್ತಾರೆ. ಕಾಲು ಬಂದ ದಿನ ಅಪ್ಪ ಕಂಬಿ ಹಿಡಿದು ನಿಂತು ಹತ್ತು ಹೆಜ್ಜೆ ಹಾಕಲಿ. ಬಿಚ್ಚಿಸಿ ಚರ್ಮ ನೋಡಿ. ಕೆಂಪಾದ ಜಾಗ ಹತ್ತು ಹದಿನೈದು ನಿಮಿಷದಲ್ಲಿ ಮಾಯವಾಗದಿದ್ದರೆ ಅಲ್ಲಿ ಒತ್ತುತ್ತಿದೆ ಅಂತ ಅರ್ಥ. ಅಲ್ಲೇ ಸರಿಮಾಡಿಸಿ. ಸಕ್ಕರೆ ಕಾಯಿಲೆಯವರಿಗೆ ನೋವು ಗೊತ್ತಾಗದೇ ಇರಬಹುದು, ಅದಕ್ಕೆ ಕಣ್ಣಿಂದಲೇ ನೋಡಬೇಕು. ಮನೆಯಲ್ಲೂ ದಿನಾ ರಾತ್ರಿ ಕನ್ನಡಿ ಹಿಡಿದು ಸ್ಟಂಪ್ ನೋಡಿ, ಎಡಪಾದದ ಅಡಿಯನ್ನೂ ನೋಡಿ. ಮೊದಲ ವರ್ಷ ಸ್ಟಂಪ್ ಸಣ್ಣದಾಗುತ್ತಾ ಹೋಗುತ್ತದೆ. ಸಡಿಲವಾದರೆ ಇನ್ನೊಂದು ಸಾಕ್ಸ್ ಹಾಕಿ, ಆಗಲೂ ಜಾರಿದರೆ ಸಾಕೆಟ್ ಬದಲಾಯಿಸಬೇಕಾಗುತ್ತದೆ. ಬರುವಾಗಲೇ ರಿಪೇರಿಗೆ ಎಲ್ಲಿಗೆ ಬರಬೇಕು ಅಂತ ಕೇಳಿ ಬರೆದುಕೊಳ್ಳಿ.

ಸರ್ಕಾರದ ದಾರಿ ತಡವಾದರೆ ಜೈಪುರ ಕಾಲು ಕೊಡುವ ಸಂಸ್ಥೆಗಳೂ ಇವೆ. ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ 1975ರಿಂದ ಉಚಿತವಾಗಿ ಕೊಡುತ್ತಿದೆ. ರಬ್ಬರಿನ ಆ ಪಾದಕ್ಕೆ ಚಪ್ಪಲಿ ಬೇಕೇಬೇಕು ಅಂತಿಲ್ಲ, ನೀರು ಕೆಸರಿಗೂ ತಡೆಯುತ್ತದೆ. ಭತ್ತದ ಗದ್ದೆ ಇರುವವರಿಗೆ ಇದು ಸಣ್ಣ ಮಾತಲ್ಲ, ಅಲ್ವಾ?

ಪ್ರಶ್ನೆ: ಮಗುವಿಗೆ ಹುಟ್ಟಿನಿಂದ ಪಾದ ಸೊಟ್ಟ. ಪ್ಲಾಸ್ಟರ್ ಹಾಕಿ ಹಾಕಿ ಈಗ ನೆಟ್ಟಗಾಗಿದೆ. ಕಂಬಿ ಇರುವ ಶೂ ಕೊಟ್ಟಿದ್ದಾರೆ, ಹಾಕಿದರೆ ಅಳುತ್ತಾನೆ. ಸರಿಯಾಯ್ತಲ್ಲ, ಬಿಚ್ಚಿಡು ಅಂತಾರೆ ಅತ್ತೆ.

ಉತ್ತರ: ಅತ್ತೆಯವರ ಕರುಳು ಚುರುಕ್ ಅನ್ನುವುದು ಸಹಜ. ಆದರೂ ಬಿಚ್ಚಬೇಡಿ. ಪ್ಲಾಸ್ಟರ್ ಪಾದವನ್ನು ತಿರುಗಿಸಿದೆ, ತಿರುಗಿದ್ದನ್ನು ಹಿಡಿದಿಡುವುದು ಈ ಶೂ. ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ ನಿದ್ದೆ ಹೊತ್ತಿನಲ್ಲಿ ಮಾತ್ರ, ನಾಲ್ಕೈದು ವರ್ಷ ಆಗುವವರೆಗೆ. ಮಧ್ಯೆ ಬಿಟ್ಟರೆ ಪಾದ ಮತ್ತೆ ಒಳಕ್ಕೆ ತಿರುಗುವುದೇ ಜಾಸ್ತಿ. ಎರಡು ಮೂರು ದಿನ ಅಳುತ್ತಾನೆ, ಆಮೇಲೆ ಒಗ್ಗಿಕೊಳ್ಳುತ್ತಾನೆ. ಎರಡೂ ಕಾಲನ್ನು ಒಟ್ಟಿಗೆ ಮಡಚಿ ಚಾಚಿ ಆಟ ಆಡಿಸಿ, ಕಂಬಿಗೆ ಮೆತ್ತನೆ ಬಟ್ಟೆ ಸುತ್ತಿ. ಆದರೆ ಗುಳ್ಳೆ ಎದ್ದಿದ್ದರೆ, ಹಿಮ್ಮಡಿ ಶೂ ಒಳಗೆ ಕೂರದಿದ್ದರೆ ಅದು ಹಟದ ಅಳುವಲ್ಲ. ತಕ್ಷಣ ತೋರಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸೊಟ್ಟ ಪಾದದ ಚಿಕಿತ್ಸೆ ಸೇರಿದೆ. ಅಂಗನವಾಡಿಗೆ ಬರುವ ಆ ತಂಡದವರನ್ನೇ ಕೇಳಿ. ಬೆರಳು ಶೂ ಅಂಚು ದಾಟಿ ಹೊರಗೆ ಬಂದ ದಿನ ದೊಡ್ಡ ಶೂ ಕೇಳಿ ತಗೊಳ್ಳಿ.