ಹೆಗಲ ಮೇಲಿನ ಬಟ್ಟೆ ಎಷ್ಟು ಬೇಕು?

ಪ್ರಶ್ನೆ: ಅಕ್ಕಾ, ನನಗೆ ಏಳು ತಿಂಗಳು ತುಂಬಿತು. ಹೆರಿಗೆ ಜುಲೈ ಎರಡನೇ ವಾರ ಅಂತ ಡಾಕ್ಟರು ಹೇಳಿದ್ದಾರೆ. ಒಂದು ಬೆಡ್‌ರೂಮಿನ ಮನೆ, ನಾವಿಬ್ಬರು ಮತ್ತು ಅತ್ತೆ. ನಮ್ಮವರು ಮೊಬೈಲಿನಲ್ಲಿ ಯಾವುದೋ ಪಟ್ಟಿ ನೋಡಿ 24 ಬರ್ಪ್ ಕ್ಲಾತ್, ಅಂದರೆ ಮಗುವನ್ನು ತೇಗಿಸುವಾಗ ಹೆಗಲ ಮೇಲೆ ಹಾಕಿಕೊಳ್ಳುವ ಬಟ್ಟೆ, ಆರ್ಡರ್ ಮಾಡಲು ಹೊರಟಿದ್ದಾರೆ. ಅತ್ತೆಯದು, ‘ಮಗು ಹುಟ್ಟುವ ಮೊದಲು ಅದರ ಹೆಸರಲ್ಲಿ ಒಂದು ನೂಲೂ ಮನೆಯೊಳಗೆ ಬರಬಾರದು’ ಎಂಬ ಹಟ. ಕುಂದಾಪುರದಿಂದ ಅಮ್ಮ ಫೋನಿನಲ್ಲಿ, ‘ಆರು ಸಾಕು ಮಾರಾಯ್ತಿ, ನಿನ್ನನ್ನು ನಾಲ್ಕರಲ್ಲೇ ಸಾಕಿದ್ದೆ’ ಅನ್ನುತ್ತಾಳೆ. ಯಾರ ಮಾತು ಕೇಳಲಿ?
— ಹೆಸರು ಬೇಡ, ಡೊಂಬಿವಲಿ ಪೂರ್ವ

ಉತ್ತರ: ತಂಗೀ, ಮೂವರೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿ. ನಿನ್ನ ಅಮ್ಮನಿಗೆ ಅಂಗಳವಿತ್ತು, ಬಾವಿಯಿತ್ತು, ತೆಂಗಿನ ಮರದಿಂದ ಮರಕ್ಕೆ ಕಟ್ಟಿದ ಹಗ್ಗವಿತ್ತು. ನಾಲ್ಕರಲ್ಲಿ ಮುಗಿಸಿದ್ದಾರೆಂದರೆ ನೀನು ಹುಟ್ಟಿದ್ದು ಮಾರ್ಚ್-ಏಪ್ರಿಲ್‌ನಲ್ಲೇ ಇರಬೇಕು, ಕೇಳಿ ನೋಡು. ನಿನ್ನ ಮಗು ಬರುವುದು ಜುಲೈಗೆ, ಅದೂ ಡೊಂಬಿವಲಿಗೆ.

ನಾನು ಮುಂಬಯಿಯ ಹೆರಿಗೆ ವಾರ್ಡಿನಲ್ಲಿ 31 ವರ್ಷ ಸಿಸ್ಟರ್ ಆಗಿದ್ದವಳು. ಅಲ್ಲಿ ಈ ಬಟ್ಟೆಗೆ ಹೆಸರೇ ಇರಲಿಲ್ಲ. ಮರಾಠಿಯಲ್ಲಿ ‘ಫಡ್ಕಂ ದ್ಯಾ’ (ಬಟ್ಟೆ ತುಂಡು ಕೊಡಿ) ಅಂತ ಕೈ ಚಾಚಿದರೆ ಯಾರೋ ಒಂದು ತುಂಡು ಕೈಗಿಡುತ್ತಿದ್ದರು. ಎಷ್ಟು ಬೇಕೆಂದು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುತ್ತಿದ್ದದ್ದು ಒಂದೇ: ನಿಮ್ಮ ಮನೆಯಲ್ಲಿ ಬಟ್ಟೆ ಒಣಗಲು ಎಷ್ಟು ಹೊತ್ತು ಬೇಕು? ನೀನೂ ಒಂದು ಕೆಲಸ ಮಾಡು. ಜೂನ್ ಕೊನೆಗೆ ಮಳೆ ಹಿಡಿದು ಕೂತಾಗ ಗ್ಯಾಲರಿಯ ಹಗ್ಗದ ಮೇಲೆ ಒಂದು ಬೈರಾಸು ಒಗೆದು ಹಾಕಿ, ಗಂಟೆ ಬರೆದಿಡು.

ಈಗ ಲೆಕ್ಕಕ್ಕೆ ಬರೋಣ. ಹಸುಗೂಸು ಹಗಲು ರಾತ್ರಿ ಸೇರಿ 8ರಿಂದ 12 ಸಲ ಹಾಲು ಕುಡಿಯುತ್ತದೆ. ಒಂದು ಬಟ್ಟೆ ಎರಡು ಸಲಕ್ಕೆ ಬರುತ್ತದೆ ಅಂದುಕೊಳ್ಳೋಣ. ಒಮ್ಮೊಮ್ಮೆ ಮೊದಲ ತೇಗಿಗೇ ತೊಯ್ದು ಹೋಗುತ್ತದೆ, ಒಮ್ಮೊಮ್ಮೆ ಮೂರು ಸಲಕ್ಕೂ ತಾಳುತ್ತದೆ, ಸರಿಹೋಗುತ್ತದೆ ಬಿಡು. ಅಲ್ಲಿಗೆ ದಿನಕ್ಕೆ ಆರು. ದಿನಾ ಒಗೆದು, ಅಂದೇ ಒಣಗುವ ಕಾಲವಾದರೆ ಹೆಗಲ ಮೇಲೆ ಆರು, ಹಗ್ಗದ ಮೇಲೆ ಆರು, ಒಟ್ಟು 12. ನಿಮ್ಮಲ್ಲಿ ಮಳೆಗಾಲದಲ್ಲಿ ಒಣಗಲು ಎರಡು ದಿನ ಹಿಡಿದರೆ ಇನ್ನೊಂದು ಆರು ಸೇರಿಸು, 18. ಡಾಕ್ಟರ ಹತ್ತಿರ ಹೋಗುವ ಚೀಲದಲ್ಲಿ ಎರಡು ಯಾವಾಗಲೂ ಇರಲಿ. 20 ಆಯಿತು. ನಿಮ್ಮವರ 24 ತೀರಾ ಹುಚ್ಚು ಲೆಕ್ಕವೇನಲ್ಲ ನೋಡು. ದುಡ್ಡು ಕೊಟ್ಟು ತರಬೇಕೆಂದಿರುವುದಷ್ಟೇ ತಪ್ಪು.

ಅಂಗಡಿಯ ಬರ್ಪ್ ಕ್ಲಾತ್ ದಪ್ಪಗಿರುತ್ತವೆ, ನಾಲ್ಕಾರು ಪದರ ಹೊಲಿದಿರುತ್ತಾರೆ. ಹೀರುತ್ತವೆ, ಇಲ್ಲ ಅನ್ನುವುದಿಲ್ಲ. ಆದರೆ ಜುಲೈಯಲ್ಲಿ ಮೂರನೇ ದಿನಕ್ಕೂ ಒಳಪದರ ಹಸಿ, ಮುಗ್ಗಲು ವಾಸನೆ. ತೆಳುವಾದ ಒಂಟಿ ಪದರದ ಬಟ್ಟೆಯನ್ನು ನಾವೇ ನಾಲ್ಕಾಗಿ ಮಡಚಿ ಹೆಗಲಿಗೆ ಹಾಕಿಕೊಂಡರೆ ಅಷ್ಟೇ ಹೀರುತ್ತದೆ; ಬಿಡಿಸಿ ಹರವಿದರೆ ಬೇಗ ಒಣಗುತ್ತದೆ.

ಮನೆಯಲ್ಲಿ ಮಾವನವರ ಹಳೆಯ ಪಂಚೆ ಇದೆಯೇ? ಎಂಟು ಮೊಳದ್ದಾದರೆ ಸುಮಾರು ಮೂರೂವರೆ ಮೀಟರ್ ಉದ್ದ, ಒಂದೂಕಾಲು ಮೀಟರ್ ಅಗಲ. ಮೊದಲು ಅಂಚನ್ನು ಕತ್ತರಿಸಿ ತೆಗೆ. ಜರಿ ಅಂಚು ಮಗುವಿನ ಕೆನ್ನೆಗೆ ತಾಗಿದರೆ ಗೀರು ಬೀಳುತ್ತದೆ. ಉದ್ದಕ್ಕೆ ಎರಡು ಭಾಗ, ಅಡ್ಡಕ್ಕೆ ಎಂಟು. 16 ತುಂಡಾಯಿತು, ಒಂದೊಂದೂ ಹೆಗಲ ಮುಂದೆ ಹಿಂದೆ ಇಳಿಬೀಳುವಷ್ಟು. ಬಾಕಿ ನಾಲ್ಕಕ್ಕೆ ನಿನ್ನದೊಂದು ಹಳೆಯ ಕಾಟನ್ ದುಪಟ್ಟಾ ಸಾಕು. ನೂರು ಸಲ ಒಗೆದ ಬಟ್ಟೆಯಷ್ಟು ಮೆತ್ತಗಿನದು ಮಂಗಳದಾಸ್ ಮಾರ್ಕೆಟ್ಟಿನಲ್ಲಿ ಇಡೀ ದಿನ ಸುತ್ತಿದರೂ ಸಿಗುವುದಿಲ್ಲ. ಇನ್ನು ಅತ್ತೆಗೂ ತಕರಾರಿರುವುದಿಲ್ಲ, ಹೊಸ ನೂಲು ಮನೆಯೊಳಗೆ ಬರಲಿಲ್ಲವಲ್ಲ! ಕತ್ತರಿಯನ್ನು ಅವರ ಕೈಗೇ ಕೊಡು. ನನ್ನ ಮೊದಲ ಹೆರಿಗೆಯಲ್ಲಿ ನಮ್ಮ ಅತ್ತೆ ಹೀಗೇ ಹಟ ಹಿಡಿದಿದ್ದರು. ಹಳೆಯ ಸೀರೆ ಹರಿಯಲು ಕೂತವರು ಅರ್ಧ ದಿನ ಆ ಸೀರೆ ಯಾವ ಮದುವೆಯದೆಂದು ಕಥೆ ಹೇಳಿದರು, ಜಗಳ ಎಲ್ಲಿ ಹೋಯಿತೋ.

ಹಳೆ ಬಟ್ಟೆ ಇಲ್ಲವೇ ಇಲ್ಲ ಎಂದಾದರೆ ತೆಳು ಹತ್ತಿಯ ಮಲ್ ಬಟ್ಟೆ ತರಿಸು, ಆದರೆ ಮೂರು ನಾಲ್ಕು ಸಲ ಒಗೆಯದೆ ಬಳಸಬೇಡ. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ. ಒಂದು ಚಮಚ ನೀರು ಸುರಿದು ನೋಡು, ಕೆಸುವಿನ ಎಲೆಯ ಮೇಲಿನ ಹಾಗೆ ಹನಿ ನಿಂತರೆ ಇನ್ನೂ ಒಗೆಯಬೇಕು, ತಕ್ಷಣ ಇಂಗಿದರೆ ತಯಾರು.

ಅಂಚು ಹೊಲಿಯುವುದನ್ನು ಮರೆಯಬೇಡ, ಇದನ್ನು ಬೇಕೆಂದೇ ಬೇರೆಯಾಗಿ ಹೇಳುತ್ತಿದ್ದೇನೆ. ಒಮ್ಮೆ ಒಂದೂವರೆ ತಿಂಗಳ ಮಗುವನ್ನು ರಾತ್ರಿಯಿಡೀ ಅಳುತ್ತಿದೆಯೆಂದು ನಮ್ಮಲ್ಲಿಗೆ ತಂದಿದ್ದರು. ಹೊಟ್ಟೆನೋವಿಗೆ ಓಮದ ನೀರು, ಗ್ರೈಪ್ ವಾಟರ್, ದೃಷ್ಟಿ ತೆಗೆಯುವುದು, ಎಲ್ಲ ಆಗಿತ್ತು. ಕಾಲುಚೀಲ ತೆಗೆದು ನೋಡಿದರೆ ಎಡಗಾಲಿನ ಎರಡನೇ ಬೆರಳು ನೇರಳೆ ಹಣ್ಣಿನ ಹಾಗೆ ಊದಿದೆ. ಬುಡದಲ್ಲಿ ಒಂದೇ ಒಂದು ಎಳೆ ನೂಲು ಸುತ್ತಿಕೊಂಡಿತ್ತು, ಕಣ್ಣಿಗೆ ಕಾಣದಷ್ಟು ಒಳಗೆ ಹೂತು ಹೋಗಿತ್ತು. ಡಾಕ್ಟರು ಭೂತಗನ್ನಡಿ ಹಿಡಿದು ಕತ್ತರಿಸಿದರು. ಬೆರಳು ಉಳಿಯಿತು. ಬಾಣಂತಿಯ ಉದುರಿದ ಕೂದಲೂ ಹೀಗೇ ಸುತ್ತಿಕೊಳ್ಳುವುದುಂಟು. ಆದ್ದರಿಂದ ಎಳೆ ಬಿಟ್ಟ ಬಟ್ಟೆ ಬೇಡ. ಮಗು ಕಾರಣವಿಲ್ಲದೆ ಅತ್ತರೆ ಕೈಕಾಲಿನ ಬೆರಳುಗಳನ್ನು ಒಂದೊಂದಾಗಿ ನೋಡು.

ಒಗೆಯುವುದು: ಹಾಲಿನ ಕಲೆಗೆ ಮೊದಲು ತಣ್ಣೀರು. ಬಿಸಿನೀರಿಗೆ ನೇರ ಹಾಕಿದರೆ ಹಾಲು ಅಲ್ಲೇ ಕೂತುಬಿಡುತ್ತದೆ, ಆಮೇಲೆ ಹುಳಿವಾಸನೆ ಹೋಗುವುದಿಲ್ಲ. ಸಾಬೂನು ಕಡಿಮೆ, ಜಾಲಿಸುವುದು ಎರಡು ಸಲ. ಘಮಘಮ ಎನ್ನುವ ಫ್ಯಾಬ್ರಿಕ್ ಕಂಡೀಷನರ್ ಬೇಡ, ಅದು ಬಟ್ಟೆಯ ಮೇಲೆ ಜಿಡ್ಡಿನ ಪದರ ಬಿಟ್ಟು ಹೀರುವ ಗುಣವನ್ನೇ ಕೊಲ್ಲುತ್ತದೆ. ಒಣಗದಿದ್ದರೆ ಫ್ಯಾನಿನ ಕೆಳಗೆ ಹಾಕಿ, ಕೊನೆಗೆ ಇಸ್ತ್ರಿ ಒತ್ತು. ಊರಿನಿಂದ ಅಮ್ಮ ಮತ್ಸ್ಯಗಂಧ ರೈಲಿನಲ್ಲಿ ಬಂದಿಳಿದ ಮೇಲೆ ಬುಟ್ಟಿ ಮಗುಚಿ ಕೆಳಗೆ ಸಾಂಬ್ರಾಣಿ ಹೊಗೆ ಹಾಕಿ ಬಟ್ಟೆ ಒಣಗಿಸುತ್ತೇನೆ ಅನ್ನಬಹುದು. ಗಾಳಿಯಾಡುವ ದೊಡ್ಡ ಮನೆಯಲ್ಲೇ ಆ ಹೊಗೆ ಒಳ್ಳೆಯದಲ್ಲ, ಕಿಟಕಿ ಮುಚ್ಚಿದ ಒಂದು ಬೆಡ್‌ರೂಮಿನಲ್ಲಂತೂ ಮಗುವಿನ ಶ್ವಾಸಕ್ಕೆ ನೇರ ಪೆಟ್ಟು. ಅಮ್ಮನಿಗೆ ನನ್ನ ಹೆಸರು ಹೇಳಿ ಬೇಡ ಅನ್ನು, ಬೈಗುಳ ನನಗೇ ಬರಲಿ.

ಪ್ರಶ್ನೆ: ಮಗನಿಗೆ ಎರಡು ತಿಂಗಳು. ಪ್ರತಿ ಸಲ ಹಾಲು ಕುಡಿದ ಮೇಲೂ ಕಕ್ಕುತ್ತಾನೆ. ದಿನಕ್ಕೆ ಹತ್ತು ಬಟ್ಟೆ ಸಾಲದು. ಕುಡಿದದ್ದೆಲ್ಲ ಹೊರಗೆ ಬರುತ್ತಿದೆ ಅನಿಸುತ್ತದೆ. ತಾಯಿಯ ಹಾಲು ಹಿಡಿಸುತ್ತಿಲ್ಲ, ಡಬ್ಬಿ ಹಾಲು ಕೊಡಿ ಅಂತ ಪಕ್ಕದ ಮನೆಯವರು ಹೇಳುತ್ತಾರೆ.
— ಒಬ್ಬ ತಂದೆ, ಚಿಂಚವಡ, ಪುಣೆ

ಉತ್ತರ: ನೀವು ಒಂದು ಒಣ ಬಟ್ಟೆಯ ಮೇಲೆ ಟೀ ಚಮಚದಲ್ಲಿ ಅಳೆದು ಒಂದೇ ಚಮಚ ಹಾಲು ಸುರಿಯಿರಿ, ಅಂದರೆ 5 ಮಿಲಿ. ಕಲೆ ಎಷ್ಟು ಅಗಲ ಹರಡುತ್ತದೆ ನೋಡಿ. ಅಂಗೈಯಗಲದ ಕಲೆ ಕಂಡು ‘ಎಲ್ಲ ಹೋಯಿತು’ ಎಂದು ಎದೆ ಬಡಿದುಕೊಂಡ ಅಪ್ಪಂದಿರನ್ನು ನಾನು ಬಹಳ ಕಂಡಿದ್ದೇನೆ.

ಅನ್ನನಾಳ ಹೊಟ್ಟೆಗೆ ಸೇರುವಲ್ಲಿನ ಸ್ನಾಯು ಎಳೆ ಮಕ್ಕಳಲ್ಲಿ ಇನ್ನೂ ಸಡಿಲ. ಊಟವೆಲ್ಲ ನೀರಾಗಿಯೇ ಇರುತ್ತದೆ, ದಿನದ ಬಹುಪಾಲು ಮಲಗಿಯೇ ಕಳೆಯುತ್ತದೆ. ಹಾಗಾಗಿ ಹಾಲು ಮೇಲೆ ಬರುವುದು ಸಹಜ. ನಾಲ್ಕು ತಿಂಗಳ ಹೊತ್ತಿಗೆ ಇದು ಹೆಚ್ಚೂ ಆಗಬಹುದು, ಗಾಬರಿಯಾಗಬೇಡಿ. ಕೂರಲು ಕಲಿತ ಮೇಲೆ ಕಡಿಮೆಯಾಗುತ್ತ ಹೋಗಿ, ಹೆಚ್ಚಿನ ಮಕ್ಕಳಲ್ಲಿ ವರ್ಷ ತುಂಬುವಷ್ಟರಲ್ಲಿ ನಿಲ್ಲುತ್ತದೆ. ತೂಕ ಏರುತ್ತಿದೆಯೇ, ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುತ್ತಾನೆಯೇ, ಕಕ್ಕಿದ ಮೇಲೂ ನಗುತ್ತಾನೆಯೇ? ಹಾಗಿದ್ದರೆ ತಾಯಿಯ ಹಾಲನ್ನು ಬಿಡಿಸುವ ಮಾತೇ ಬೇಡ. ಪಕ್ಕದ ಮನೆಯವರಿಗೆ ಚಹಾ ಕೊಟ್ಟು ಕಳಿಸಿ.

ಹಾಲಿನ ನಡುವೆ ಒಮ್ಮೆ, ಮುಗಿದ ಮೇಲೆ ಒಮ್ಮೆ ತೇಗಿಸಿ. ಹೆಗಲ ಮೇಲೆ ಹಾಕಿ, ಅಂಗೈ ಬೊಗಸೆಯಂತೆ ಬಾಗಿಸಿ ಬೆನ್ನು ತಟ್ಟಿ. ಐದು ನಿಮಿಷದಲ್ಲಿ ತೇಗು ಬರದಿದ್ದರೆ ಬಿಡಿ, ಎಲ್ಲ ಮಕ್ಕಳೂ ಪ್ರತಿ ಸಲ ತೇಗುವುದಿಲ್ಲ. ಆಮೇಲೆ ಇಪ್ಪತ್ತು ಮೂವತ್ತು ನಿಮಿಷ ನೆಟ್ಟಗೆ ಎತ್ತಿಕೊಂಡಿರಿ. ಅಪ್ಪಂದಿರಿಗೆ ಹೇಳಿ ಮಾಡಿಸಿದ ಕೆಲಸ ಅದು, ಕುಣಿಸಬೇಡಿ ಅಷ್ಟೆ.

ಆದರೆ ಕಕ್ಕಿದ್ದು ಹಸಿರಾಗಿದ್ದರೆ, ರಕ್ತ ಕಂಡರೆ, ಪಿಚಕಾರಿಯ ಹಾಗೆ ದೂರಕ್ಕೆ ಚಿಮ್ಮಿ ಅದು ಸಲಸಲಕ್ಕೂ ಆಗುತ್ತಿದ್ದರೆ, ಉಚ್ಚೆ ಕಡಿಮೆಯಾದರೆ, ಮಗು ಸೋತು ಮಂಕಾದರೆ, ಜ್ವರವಿದ್ದರೆ ಆವತ್ತೇ ಡಾಕ್ಟರ ಹತ್ತಿರ ಹೋಗಿ. ಆಗ ನನ್ನ ಉತ್ತರಕ್ಕೆ ಕಾಯಬೇಡಿ.

ಪ್ರಶ್ನೆ: ಮೊಮ್ಮಗಳು ರಾತ್ರಿ ಕಕ್ಕಿ ಉಸಿರು ಕಟ್ಟೀತೆಂದು ಭಯ. ಮಗ್ಗುಲಾಗಿ ಮಲಗಿಸಿ, ಕೆನ್ನೆಯ ಕೆಳಗೆ ತೇಗಿಸುವಾಗಿನ ಹೆಗಲ ಬಟ್ಟೆಯನ್ನೇ ಮಡಚಿ ಇಡುತ್ತೇನೆ. ಸೊಸೆ ಬೇಡ ಅನ್ನುತ್ತಾಳೆ.
— ಅಜ್ಜಿ, ವಾಸ್ಕೊ, ಗೋವಾ

ಉತ್ತರ: ಅಮ್ಮಾ, ಈ ಸಲ ಸೊಸೆಯ ಮಾತು ಸರಿ. ಅಂಗಾತ ಮಲಗಿಸಿ. ಅಂಗಾತ ಮಲಗಿದಾಗ ಶ್ವಾಸನಾಳ ಅನ್ನನಾಳಕ್ಕಿಂತ ಮೇಲಿರುತ್ತದೆ, ಹಾಲು ಮೇಲೆ ಬಂದರೂ ಮಗು ನುಂಗುತ್ತದೆ ಇಲ್ಲವೇ ಕೆಮ್ಮಿ ಉಗುಳುತ್ತದೆ. ಮಗ್ಗುಲಾದರೆ ಬೋರಲು ಹೊರಳುವುದು ಸುಲಭ, ಸಡಿಲ ಬಟ್ಟೆ ಮೂಗಿಗೆ ಮುಚ್ಚಿಕೊಂಡರೆ ಅದನ್ನು ಸರಿಸುವ ಶಕ್ತಿ ಆ ಕೈಗಳಿಗಿಲ್ಲ. ಸಾಸಿವೆ ದಿಂಬೂ ಬೇಡ. ಬಟ್ಟೆ ನಿಮ್ಮ ಹೆಗಲ ಮೇಲಿರಲಿ, ಮಗುವನ್ನು ಮಲಗಿಸುವಾಗ ಅದನ್ನು ಗೂಟಕ್ಕೆ ಸಿಕ್ಕಿಸಿ ಬನ್ನಿ.