ಕುಳ್ಳ ಕಾರ್ನರ್‌ಬ್ಯಾಕ್ ಎನ್‌ಎಫ್‌ಎಲ್‌ನಲ್ಲಿ ನಿಲ್ಲುತ್ತಾನೋ ಇಲ್ಲವೋ, ನೋಡಿ ತಿಳಿಯುವುದು ಹೇಗೆ?

ನಿಮ್ಮ ಪ್ರಶ್ನೆ ಇದು: ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ನಿಮ್ಮ ಮೆಚ್ಚಿನ ತಂಡ, ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸುವ ಡ್ರಾಫ್ಟಿನ ನಾಲ್ಕನೇ ಸುತ್ತಿನಲ್ಲಿ 5 ಅಡಿ 9 ಇಂಚು ಎತ್ತರ, 180 ಪೌಂಡ್ ತೂಕದ ಕಾರ್ನರ್‌ಬ್ಯಾಕ್ (ಪಾಸ್ ಹಿಡಿಯಲು ಓಡುವ ರಿಸೀವರ್‌ನನ್ನು ಕಾಯುವ ರಕ್ಷಕ) ಒಬ್ಬನನ್ನು ಆರಿಸಿದೆ. ಕಾಲೇಜಿನಲ್ಲಿ ಚೆನ್ನಾಗಿ ಆಡಿದವನು, ಆದರೆ ಎಲ್ಲರೂ ಅವನ ಗಾತ್ರದ ಬಗ್ಗೆಯೇ ಮಾತಾಡುತ್ತಿದ್ದಾರೆ. ಇವನು ಉಳಿದುಕೊಳ್ಳುತ್ತಾನಾ ಎಂದು ಸಾಮಾನ್ಯ ಪ್ರೇಕ್ಷಕರು ಅಳೆಯುವುದು ಹೇಗೆ?

ಎತ್ತರವನ್ನು ಕೊನೆಗೆ ನೋಡಿ. ಮೊದಲು ತೂಕ, ಆಮೇಲೆ ತೋಳಿನ ಉದ್ದ, ಆಮೇಲೆ ತಂಡ ಅವನಿಗಾಗಿ ಇಟ್ಟುಕೊಂಡಿರುವ ಕೆಲಸ. "ಚಿಕ್ಕವನು" ಎಂಬ ಒಂದೇ ಮಾತಿನೊಳಗೆ ತೂಕ, ತೋಳು, ಎತ್ತರ ಎಂಬ ಮೂರು ಬೇರೆ ಬೇರೆ ಕೊರತೆಗಳು ಸೇರಿಕೊಂಡಿರುತ್ತವೆ. ಮೂರೂ ಮೈದಾನದಲ್ಲಿ ಬೇರೆ ಬೇರೆ ಜಾಗದಲ್ಲಿ ಕಾಡುತ್ತವೆ.

ಇಬ್ಬರನ್ನು ಪಕ್ಕಪಕ್ಕ ಇಟ್ಟು ನೋಡಿ. 2023ರಲ್ಲಿ ವಾಷಿಂಗ್ಟನ್ ಕಮಾಂಡರ್ಸ್ ತಂಡ 16ನೇ ಆಯ್ಕೆಯಲ್ಲಿ ಎಮ್ಯಾನುಯೆಲ್ ಫೋರ್ಬ್ಸ್‌ನನ್ನು ತೆಗೆದುಕೊಂಡಿತು. ಎತ್ತರ ಆರಡಿಗಿಂತ ಒಂದಿಷ್ಟು ಹೆಚ್ಚೇ, ತೋಳು 32 ಇಂಚಿಗೂ ಉದ್ದ, ಕಾಲೇಜಿನಲ್ಲಿ ಆರು ಇಂಟರ್‌ಸೆಪ್ಷನ್‌ಗಳನ್ನು (ಎದುರಾಳಿಯಿಂದ ಕಸಿದ ಪಾಸ್‌ಗಳನ್ನು) ಟಚ್‌ಡೌನ್ (ಎದುರಾಳಿಯ ಕೊನೆಗೆರೆ ದಾಟಿ ಗಳಿಸುವ ಅಂಕ) ಮಾಡಿದ ದಾಖಲೆ. ಆದರೆ ಡ್ರಾಫ್ಟಿಗೆ ಮುಂಚಿನ ಅಳತೆ-ಪರೀಕ್ಷೆಗಳ ಕೂಟವಾದ ಕಂಬೈನ್‌ನಲ್ಲಿ ತೂಗಿದ್ದು 166 ಪೌಂಡ್. ಆ ವರ್ಷದ ಅಕ್ಟೋಬರ್ 1ರಂದು ಈಗಲ್ಸ್‌ನ ಎ.ಜೆ. ಬ್ರೌನ್ ವಾಷಿಂಗ್ಟನ್ ಮೇಲೆ 9 ಕ್ಯಾಚ್, 175 ಯಾರ್ಡ್, 2 ಟಚ್‌ಡೌನ್ ಗಳಿಸಿದಾಗ, ಅಂಥ ದಪ್ಪ ಮೈಕಟ್ಟಿನ ರಿಸೀವರ್ ಮುಂದೆ ಫೋರ್ಬ್ಸ್ ನಿಲ್ಲಲಾರ ಎಂಬುದು ಎದ್ದು ಕಂಡಿತು. ಎರಡನೇ ಸೀಸನ್ ಮುಗಿಯುವ ಮೊದಲೇ ತಂಡ ಅವನನ್ನು ಕೈಬಿಟ್ಟಿತು. ಅವನ ಹಿಂದಿನ ವರ್ಷ, 2022ರಲ್ಲಿ, ಕಾನ್ಸಾಸ್ ಸಿಟಿ ಚೀಫ್ಸ್ 21ನೇ ಆಯ್ಕೆಯಲ್ಲಿ ಟ್ರೆಂಟ್ ಮೆಕ್‌ಡಫಿಯನ್ನು ತೆಗೆದುಕೊಂಡಿತ್ತು. ಎತ್ತರ 5 ಅಡಿ 11 ಇಂಚಿಗೂ ಸ್ವಲ್ಪ ಕಡಿಮೆ, ತೋಳು 30 ಇಂಚೂ ಇಲ್ಲ, ಆದರೆ ತೂಕ 193 ಪೌಂಡ್. 2023ರಲ್ಲಿ ಅವನು ಸ್ಲಾಟ್ ಜಾಗದಲ್ಲಿ (ಬದಿಯಲ್ಲಲ್ಲದೆ ಒಳಗೆ ನಿಲ್ಲುವ ಜಾಗ, ಮುಂದೆ ವಿವರಿಸಿದ್ದೇನೆ) ಮೊದಲ ದರ್ಜೆಯ ಆಲ್-ಪ್ರೋ ತಂಡಕ್ಕೆ, ಅಂದರೆ ವರ್ಷದ ಅತ್ಯುತ್ತಮರ ಪಟ್ಟಿಗೆ, ಸೇರಿದ. ಇಬ್ಬರಲ್ಲಿ ಎತ್ತರದವನು ಎಡವಿದ, ಗಟ್ಟಿಯಾದವನು ನಿಂತ. ಕೌಶಲದ ವ್ಯತ್ಯಾಸವೂ ಇದರಲ್ಲಿದೆ, ತೂಕವೊಂದೇ ಎಲ್ಲವನ್ನೂ ನಿರ್ಧರಿಸಿತು ಎನ್ನಲಾಗದು. ಆದರೂ ನನ್ನ ತೂಗುವಿಕೆ ಇಲ್ಲಿಂದಲೇ ಶುರುವಾಗುತ್ತದೆ.

ಅಳತೆಯನ್ನು ಎಲ್ಲಿಂದ ತೆಗೆದುಕೊಳ್ಳುತ್ತೀರಿ ಎಂಬುದೂ ಮುಖ್ಯ. ಕಾಲೇಜಿನ ಜಾಲತಾಣದಲ್ಲಿರುವ ಎತ್ತರವನ್ನು ನಂಬಬೇಡಿ, ಅಲ್ಲಿ ಒಂದು ಇಂಚು ಸೇರಿಸಿರುವುದು ಮಾಮೂಲು. ಇಂಡಿಯಾನಾಪೊಲಿಸ್‌ನ ಕಂಬೈನ್‌ನಲ್ಲಿ ಅಥವಾ ಪ್ರೋ ಡೇ (ಕಾಲೇಜಿನಲ್ಲೇ ನಡೆಯುವ ಪರೀಕ್ಷೆ) ದಿನ ಅಳೆದದ್ದನ್ನೇ ಹಿಡಿಯಿರಿ. ಸ್ಕೌಟ್‌ಗಳು ಅದನ್ನು ನಾಲ್ಕು ಅಂಕಿಯಲ್ಲಿ ಬರೆಯುತ್ತಾರೆ: 5094 ಎಂದರೆ 5 ಅಡಿ, 9 ಇಂಚು, ಮೇಲೆ ಎಂಟನೇ ನಾಲ್ಕು ಭಾಗ, ಅಂದರೆ ಒಂಬತ್ತೂವರೆ ಇಂಚು. ತೂಕದಲ್ಲಿ ಇನ್ನೂ ಜಾಗರೂಕರಾಗಿರಿ. ಸಣಕಲು ಆಟಗಾರ ತೂಗುವ ದಿನಕ್ಕೆಂದು ತಿಂದು, ನೀರು ಕುಡಿದು ನಾಲ್ಕೈದು ಪೌಂಡ್ ಏರಿಸಿಕೊಂಡು ಬರಬಲ್ಲ. ಅವನು ತೂಗಿದ ದಿನವೇ 40 ಯಾರ್ಡ್ ಓಡಿಲ್ಲದಿದ್ದರೆ, ಓಡಿದಾಗಿನ ತೂಕವೂ ತೂಗಿದಾಗಿನ ತೂಕವೂ ಒಂದೇ ಎಂದುಕೊಳ್ಳಬೇಡಿ. ಈ ಎತ್ತರದವನಿಗೆ 185ರಿಂದ 195 ಪೌಂಡ್ ಇದ್ದರೆ ನಾನು ಗಾತ್ರದ ಚಿಂತೆಯನ್ನು ಅರ್ಧ ಬಿಟ್ಟುಬಿಡುತ್ತೇನೆ. ಪ್ಯಾಕರ್ಸ್ 2018ರ ಮೊದಲ ಸುತ್ತಿನಲ್ಲಿ ತೆಗೆದುಕೊಂಡ ಜೈರ್ ಅಲೆಕ್ಸಾಂಡರ್ 5 ಅಡಿ 10 ಇಂಚಿನವನಾದರೂ 196 ಪೌಂಡ್ ಇದ್ದ. ನಿಮ್ಮವನ 180 ಗಡಿಯ ಮೇಲಿದೆ. ಮೊದಲ ಬೇಸಿಗೆಯ ವ್ಯಾಯಾಮದಲ್ಲಿ ಐದು ಪೌಂಡ್ ಸ್ನಾಯು ಕೂಡಿಸಬಹುದು, ಹದಿನೈದು ಕೂಡಿಸಿದರೆ ಅವನನ್ನು ಆಯ್ಕೆ ಮಾಡಲು ಕಾರಣವಾದ ವೇಗವೇ ಹೋಗುತ್ತದೆ.

ಇನ್ನು ಎತ್ತರ ನಿಜವಾಗಿ ಎಷ್ಟು ಕಾಡುತ್ತದೆ? ಲೆಕ್ಕ ಹಾಕಿ. ಎದುರಾಳಿ ರಿಸೀವರ್ 6 ಅಡಿ 3 ಇಂಚು, ತೋಳು 33 ಇಂಚು. ನಿಮ್ಮವನು 5 ಅಡಿ 9, ತೋಳು 30 ಇಂಚು ಎಂದಿಟ್ಟುಕೊಳ್ಳಿ. ನಿಂತು ಕೈ ಮೇಲೆತ್ತಿದರೆ ಇಬ್ಬರ ಬೆರಳ ತುದಿಗಳ ನಡುವೆ ಎಂಟು ಇಂಚಿನಷ್ಟು ಅಂತರ. ನಿಮ್ಮವನು 40 ಇಂಚು ಜಿಗಿಯುತ್ತಾನೆ, ಅವನು 35 ಎಂದರೂ ಮೂರು ಇಂಚು ಬಾಕಿ. ಅದೂ ಕಂಬೈನ್‌ನ ಜಿಗಿತ ನಿಂತಲ್ಲಿಂದ, ಎರಡೂ ಕಾಲೂರಿ, ಕೈ ಬೀಸಿ ಹಾರಿದ್ದು. ಪಂದ್ಯದಲ್ಲಿ ಹಿಂದಕ್ಕೆ ಓಡುತ್ತಾ ಪಕ್ಕಕ್ಕೆ ತಿರುಗುತ್ತಾ ಹಾರುವಾಗ ಅಷ್ಟು ಬರುವುದಿಲ್ಲ. ಹಾಗಾಗಿ ಮೇಲೆ ತೇಲಿಸಿದ ಚೆಂಡಿಗೆ, ವಿಶೇಷವಾಗಿ ಎಂಡ್ ಝೋನ್ (ಟಚ್‌ಡೌನ್ ಗಳಿಸುವ ಕೊನೆಯ ಪಟ್ಟಿ) ಮೂಲೆಗೆ ತೇಲಿಸುವ ಫೇಡ್‌ಗೆ ಮತ್ತು ರಿಸೀವರ್‌ನ ಹಿಂಭುಜದ ಕಡೆಗೆ ಎಸೆದ ಚೆಂಡಿಗೆ, ಅವನು ಸೋಲುವ ಸಂದರ್ಭ ಇದ್ದೇ ಇರುತ್ತದೆ. ಜಿಗಿತ ನೋಡಿ "ಎತ್ತರ ಸರಿಹೋಯಿತು" ಎನ್ನುವವರ ಮಾತು ಒಪ್ಪಬೇಡಿ. ಆದರೆ ಒಂದು ಪಂದ್ಯದಲ್ಲಿ ಹೊರಗಿನ ಕಾರ್ನರ್ ಮೇಲೆ ಅಂಥ ಎಸೆತ ಬರುವುದು ಬೆರಳೆಣಿಕೆಯಷ್ಟು. ತೂಕದ ಪರೀಕ್ಷೆಯೋ ಓಟದ ಆಟ (ಪಾಸ್ ಎಸೆಯದೆ ಚೆಂಡು ಹಿಡಿದು ಓಡುವುದು) ಅವನ ಕಡೆ ಬಂದಾಗಲೆಲ್ಲ ನಡೆಯುತ್ತದೆ.

ಚಿಕ್ಕವನನ್ನು "ಸ್ಲಾಟ್‌ಗೆ ಹಾಕಿದರಾಯಿತು" ಎಂಬ ಸಲಹೆ ಸುಲಭವಾಗಿ ಬರುವುದು ಇಲ್ಲೇ, ಅರ್ಧ ತಪ್ಪಾಗುವುದೂ ಇಲ್ಲೇ. ಸ್ಲಾಟ್ ಎಂದರೆ ಹೊರಗಿನ ರಿಸೀವರ್‌ಗೂ ಲೈನ್‌ಗೂ (ದೊಡ್ಡ ಆಟಗಾರರ ಮುಂಸಾಲು) ನಡುವೆ ನಿಂತವನನ್ನು ಕಾಯುವ ಜಾಗ. ಈಗ ಐದು ಡಿಫೆನ್ಸಿವ್ ಬ್ಯಾಕ್‌ಗಳ (ಹಿಂಸಾಲಿನ ರಕ್ಷಕರ) ನಿಕಲ್ ವ್ಯೂಹವನ್ನೇ ತಂಡಗಳು ಅರ್ಧಕ್ಕಿಂತ ಹೆಚ್ಚು ಸ್ನ್ಯಾಪ್‌ಗಳಲ್ಲಿ (ಆಟದ ಸರದಿಗಳಲ್ಲಿ) ಆಡುವುದರಿಂದ ಅದು ಪೂರ್ಣಾವಧಿ ಕೆಲಸ. ಅಲ್ಲಿ ಫೇಡ್ ಎಸೆತ ಕಡಿಮೆ, ಎತ್ತರದ ಕೊರತೆ ಮರೆಯಾಗುತ್ತದೆ ಎಂಬುದು ನಿಜ. ಆದರೆ ಬದಿಗೆರೆಯ ಸಹಾಯ ಇಲ್ಲ. ರಿಸೀವರ್ ಎಡಕ್ಕೂ ಬಲಕ್ಕೂ ಒಡೆಯಬಹುದು, ಆದ್ದರಿಂದ ಸೊಂಟ ತಿರುಗುವ ವೇಗ ಎರಡರಷ್ಟು ಬೇಕು. ಜೊತೆಗೆ ಓಟದ ಆಟದಲ್ಲಿ ಅವನಿಗೊಂದು ಖಾಲಿ ಜಾಗ ಕಾಯುವ ಹೊಣೆ ಇರುತ್ತದೆ. 250 ಪೌಂಡಿನ ಟೈಟ್ ಎಂಡ್ (ಲೈನ್‌ನ ಅಂಚಿನಲ್ಲಿ ನಿಂತು ತಡೆಯುವ, ಪಾಸನ್ನೂ ಹಿಡಿಯುವ ದೊಡ್ಡ ಆಟಗಾರ) ನೇರ ಅವನ ಮೇಲೆ ಬರುತ್ತಾನೆ, ಕೆಲವೊಮ್ಮೆ ಲೈನ್ ಬಿಟ್ಟು ಬಂದ 310 ಪೌಂಡಿನ ಗಾರ್ಡ್ ಕೂಡ. ಒಳಗೆ ಹೋದಂತೆ ಎತ್ತರದ ಬೆಲೆ ಇಳಿಯುತ್ತದೆ, ತೂಕದ ಬೆಲೆ ಏರುತ್ತದೆ. 170 ಪೌಂಡಿನವನನ್ನು ಬಚ್ಚಿಡಲು ಸ್ಲಾಟ್ ಸರಿಯಾದ ಜಾಗವೇ ಅಲ್ಲ.

ಅದಕ್ಕೇ ನಾನು ವಿಡಿಯೊ ನೋಡುವಾಗ ಮೊದಲು ಟ್ಯಾಕಲ್‌ಗಳನ್ನು (ಚೆಂಡು ಹಿಡಿದವನನ್ನು ಕೆಡವುವುದನ್ನು) ನೋಡುತ್ತೇನೆ, ಇಂಟರ್‌ಸೆಪ್ಷನ್‌ಗಳನ್ನಲ್ಲ. ಟಿವಿ ಪ್ರಸಾರದಲ್ಲಿ ಕಾರ್ನರ್‌ಗಳು ಹಲವೊಮ್ಮೆ ಚೌಕಟ್ಟಿನ ಹೊರಗಿರುತ್ತಾರೆ. ಇಪ್ಪತ್ತೆರಡು ಆಟಗಾರರೂ ಕಾಣುವ ಆಲ್-22 ದೃಶ್ಯ ಸಿಕ್ಕರೆ ಅದನ್ನೇ ನೋಡಿ. ಮೂರು ಪಂದ್ಯ ಸಾಕು, ಆದರೆ ಅವನ ತಂಡ ಎದುರಿಸಿದ ಅತ್ಯಂತ ಬಲಿಷ್ಠ ಓಟದ ತಂಡದ ಪಂದ್ಯ ಅದರಲ್ಲಿರಲಿ. ಹುಡುಕಬೇಕಾದದ್ದು: ಬ್ಲಾಕರ್ (ಓಟಗಾರನಿಗೆ ದಾರಿ ಬಿಡಿಸುವವನು) ಬರುವಾಗ ಇವನು ಅವನತ್ತ ಹೋಗಿ ತಾಗುತ್ತಾನಾ, ಕಾದು ನಿಲ್ಲುತ್ತಾನಾ? ಚಿಕ್ಕವನು ಕಾದರೆ ಮುಗಿಯಿತು, ದೊಡ್ಡವನು ವೇಗ ಕೂಡಿಸಿಕೊಂಡು ಅವನನ್ನು ಐದು ಯಾರ್ಡ್ ಹಿಂದಕ್ಕೆ ಒಯ್ಯುತ್ತಾನೆ. ಬೇಗ ಹೋಗಿ, ಬ್ಲಾಕರ್‌ನ ಹೊರಭುಜದ ಕೆಳಗೆ ತೂರಿ, ತನ್ನ ಒಂದು ಕೈಯನ್ನಾದರೂ ಬಿಡಿಸಿಟ್ಟುಕೊಂಡವನು ಆಟವನ್ನು ಒಳಕ್ಕೆ ತಿರುಗಿಸುತ್ತಾನೆ.

ಆಮೇಲೆ ಹಿಡಿತದ ಗುರಿ. ಚೆಂಡು ಹಿಡಿದು ಓಡುವ 215 ಪೌಂಡಿನ ರನ್ನಿಂಗ್ ಬ್ಯಾಕ್‌ನ ಎದೆಗೆ ಎದೆಯೊಡ್ಡಿದರೆ 180 ಪೌಂಡಿನವನು ಹಿಂದಕ್ಕೆ ಬೀಳಲೇಬೇಕು. ಕಬಡ್ಡಿಯಲ್ಲಿ ಕಾರ್ನರ್ ಆಟಗಾರ ರೇಡರ್‌ನ ಕಣಕಾಲಿಗೆ ಹಾಕುವ ಹಿಡಿತ ನಿಮಗೆ ಗೊತ್ತಿದ್ದರೆ ಇಲ್ಲಿಯ ತರ್ಕವೂ ಗೊತ್ತಾಗುತ್ತದೆ: ತೂಕ ಇರುವ ಕಡೆಗಲ್ಲ, ತೂಕ ಹೊರುವ ಕಾಲಿಗೆ ಹೋಗಬೇಕು. 5 ಅಡಿ 9 ಇಂಚಿನ ಆಂಟ್ವಾನ್ ವಿನ್‌ಫೀಲ್ಡ್ 1999ರ ಮೊದಲ ಸುತ್ತಿನಲ್ಲಿ ಬಫಲೊ ಬಿಲ್ಸ್‌ಗೆ ಆಯ್ಕೆಯಾಗಿ, ಮುಂದೆ ಮಿನ್ನೆಸೋಟ ವೈಕಿಂಗ್ಸ್‌ನಲ್ಲಿ ಮೂರು ಬಾರಿ ಪ್ರೋ ಬೌಲ್ (ಲೀಗಿನ ತಾರೆಯರ ಪಂದ್ಯ) ತಲುಪಿದ. ತನ್ನ ಕಾಲದ ಅತ್ಯುತ್ತಮ ಟ್ಯಾಕಲ್ ಮಾಡುವ ಕಾರ್ನರ್‌ಗಳಲ್ಲಿ ಅವನೊಬ್ಬ. ಹತ್ತಿರ ಹೋದಾಗ ಹೆಜ್ಜೆ ಚಿಕ್ಕದು ಮಾಡಿ, ತೊಡೆಗೆ ಭುಜ ಕೊಟ್ಟು, ಕೈ ಸುತ್ತಿ ಕೆಡವುತ್ತಿದ್ದ. ನಿಮ್ಮವನು ಕೈ ಸುತ್ತದೆ ಬರೀ ಭುಜ ಬಡಿದು ಬೀಳಿಸಲು ನೋಡುತ್ತಿದ್ದರೆ ಅದು ಕಾಲೇಜಿನಲ್ಲಿ ನಡೆಯುತ್ತದೆ, ಮೇಲೆ ನಡೆಯುವುದಿಲ್ಲ. ಹತ್ತು ಪ್ರಯತ್ನದಲ್ಲಿ ಒಂದು ತಪ್ಪಿದರೆ ಒಳ್ಳೆಯದು, ಎರಡು ತಪ್ಪಿದರೆ ಕೋಚ್ ಅವನನ್ನು ಮೈದಾನದಿಂದ ಎಳೆಯುತ್ತಾನೆ.

ಪಾಸ್ ಕಾಯುವಾಗ ಎಲ್ಲಿ ನಿಂತಿದ್ದ ಎಂದು ಬರೆದುಕೊಳ್ಳಿ. ಕಾಲೇಜು ಮೈದಾನದಲ್ಲಿ ಹ್ಯಾಶ್ ಗೆರೆಗಳ (ಆಟ ಶುರುಮಾಡಲು ಚೆಂಡಿಡುವ ಜಾಗದ ಎರಡು ಮಿತಿಗಳು) ನಡುವಿನ ಅಂತರ 40 ಅಡಿ, ಎನ್‌ಎಫ್‌ಎಲ್‌ನಲ್ಲಿ 18 ಅಡಿ 6 ಇಂಚು. ಚೆಂಡು ಕಾಲೇಜಿನ ಹ್ಯಾಶ್ ಮೇಲಿದ್ದಾಗ ಕಿರಿದಾದ ಬದಿಗೆ 20 ಯಾರ್ಡ್ ಮಾತ್ರ ಅಗಲ. ಸದಾ ಆ ಬದಿಯಲ್ಲೇ ಆಡಿದವನಿಗೆ ಬದಿಗೆರೆ ಇನ್ನೊಬ್ಬ ರಕ್ಷಕನಿದ್ದಂತೆ. ಎನ್‌ಎಫ್‌ಎಲ್‌ನಲ್ಲಿ ಅದೇ ಬದಿ 23 ಯಾರ್ಡ್ ದಾಟುತ್ತದೆ, ಅವನ ಬೆನ್ನ ಹಿಂದೆ ಜಾಗ ತೆರೆದುಕೊಳ್ಳುತ್ತದೆ.

ನಿಯಮದ ವ್ಯತ್ಯಾಸವನ್ನು ಜನ ಮರೆಯುತ್ತಾರೆ. ಎನ್‌ಎಫ್‌ಎಲ್‌ನಲ್ಲಿ ಕಾರ್ನರ್ ರಿಸೀವರ್‌ನನ್ನು ತಳ್ಳಬಹುದಾದದ್ದು ಮೊದಲ ಐದು ಯಾರ್ಡ್ ಒಳಗೆ ಮಾತ್ರ. 1978ರಲ್ಲಿ ಬಂದ ಈ ನಿಯಮ ಮೀರಿದರೆ ಐದು ಯಾರ್ಡ್ ದಂಡ, ಜೊತೆಗೆ ಹೊಸ ಫಸ್ಟ್ ಡೌನ್ (ಎದುರಾಳಿಗೆ ಮತ್ತೆ ನಾಲ್ಕು ಯತ್ನ). ಕಾಲೇಜಿನಲ್ಲಿ ಅಂಥ ಐದು ಯಾರ್ಡಿನ ಗೆರೆ ಇಲ್ಲ, ಚೆಂಡು ಗಾಳಿಗೆ ಬರುವವರೆಗೆ ಸಾಕಷ್ಟು ಕೈಯಾಡಿಸಬಹುದು. ಪಾಸ್ ಇಂಟರ್‌ಫಿಯರೆನ್ಸ್ (ಪಾಸ್ ಹಿಡಿಯದಂತೆ ಅಡ್ಡಪಡಿಸುವುದು) ದಂಡವೂ ಕಾಲೇಜಿನಲ್ಲಿ ಹೆಚ್ಚೆಂದರೆ 15 ಯಾರ್ಡ್, ಎನ್‌ಎಫ್‌ಎಲ್‌ನಲ್ಲಿ ತಪ್ಪು ನಡೆದ ಜಾಗಕ್ಕೇ ಚೆಂಡು ಹೋಗುತ್ತದೆ. ತೋಳು ಗಿಡ್ಡ ಇರುವವನು ರಿಸೀವರ್ ತಪ್ಪಿಸಿಕೊಳ್ಳುತ್ತಿದ್ದಾನೆ ಎನಿಸಿದಾಗ ಜರ್ಸಿ ಹಿಡಿಯುವುದು ಸಹಜ. ನಿಮ್ಮವನು ಕಾಲೇಜಿನಲ್ಲಿ ಚೆಂಡು ತಪ್ಪಿಸಿದ ಹತ್ತು ದೃಶ್ಯ ತೆಗೆದು, ಎಷ್ಟರಲ್ಲಿ ಅವನ ಇನ್ನೊಂದು ಕೈ ರಿಸೀವರ್‌ನ ಸೊಂಟದ ಮೇಲಿತ್ತು ಎಂದು ಎಣಿಸಿ. ಅರ್ಧಕ್ಕಿಂತ ಹೆಚ್ಚಿದ್ದರೆ ಆ ಆಟದಲ್ಲಿ ಬಹುಪಾಲು ಇಲ್ಲಿ ದಂಡವಾಗುತ್ತದೆ.

ತಾಳ್ಮೆಯೂ ಅಲ್ಲೇ ಕಾಣುತ್ತದೆ. ಪ್ರೆಸ್‌ನಲ್ಲಿ (ರಿಸೀವರ್‌ಗೆ ಮುಖಾಮುಖಿ, ಹತ್ತಿರ) ನಿಂತಾಗ ಮೊದಲ ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ರಿಸೀವರ್ ದಾರಿ ಆರಿಸಿದ ಮೇಲೆ ಒಂದು ಕೈ ಹಾಕುವವನು ಬದುಕುತ್ತಾನೆ. ಎರಡೂ ಕೈ ಮುಂದೆ ಚಾಚಿ ಹಾರುವವನಿಗೆ 30 ಇಂಚಿನ ತೋಳು ಸಾಲದು, ಎದುರಾಳಿ ಆ ಕೈ ಕೆಡವಿ ದಾಟಿಬಿಡುತ್ತಾನೆ. ಆಳದ ಓಟದಲ್ಲಿ ಸೊಂಟಕ್ಕೆ ಸೊಂಟ ತಾಗಿದ್ದರೆ ಮಾತ್ರ ತಿರುಗಿ ಚೆಂಡು ನೋಡಬೇಕು, ಒಂದು ಹೆಜ್ಜೆ ಹಿಂದಿದ್ದರೆ ರಿಸೀವರ್‌ನ ಕೈಗಳನ್ನೇ ನೋಡಿ ಅವು ಮೇಲೇಳುವಾಗ ನಡುವೆ ಕೈ ತೂರಿಸಬೇಕು. ಎತ್ತರ ಕಡಿಮೆ ಇರುವವನಿಗೆ ಈ ಎರಡನೆಯದು ಬಂದರೆ ಮೇಲಿನ ಮೂರು ಇಂಚಿನ ಬಾಕಿ ಬಹಳಷ್ಟು ತೀರುತ್ತದೆ.

ಕಂಬೈನ್ ಸಂಖ್ಯೆಗಳಲ್ಲಿ 40 ಯಾರ್ಡ್ ಸಮಯಕ್ಕಿಂತ ಅದರೊಳಗಿನ ಮೊದಲ 10 ಯಾರ್ಡ್ ಸಮಯ ನೋಡಿ, 1.55 ಸೆಕೆಂಡಿನೊಳಗೆ ಇರಲಿ. ತ್ರೀ-ಕೋನ್ (ಮೂರು ಕೋನ್ ಸುತ್ತಿ ಓಡುವ ಪರೀಕ್ಷೆ) 6.9 ಸೆಕೆಂಡಿಗಿಂತ ಕಡಿಮೆ ಇದ್ದರೆ ಸ್ಲಾಟ್‌ಗೆ ಬೇಕಾದ ತಿರುವು ಇದೆ. ಗಾತ್ರವೂ ಇಲ್ಲ, ಇವೆರಡೂ ಇಲ್ಲ ಎಂದರೆ ನಾನು ಆಸೆ ಇಟ್ಟುಕೊಳ್ಳುವುದಿಲ್ಲ.

ತಂಡ ಯಾವುದೆಂದು ನೀವು ಹೇಳಿಲ್ಲ, ಆದರೆ ಅರ್ಧ ಉತ್ತರ ಅಲ್ಲಿದೆ. ಪೀಟ್ ಕ್ಯಾರಲ್ ಕಾಲದ ಸಿಯಾಟಲ್ ಸೀಹಾಕ್ಸ್ ಹೊರಗಿನ ಕಾರ್ನರ್‌ಗೆ 32 ಇಂಚಿನ ತೋಳು ಬಯಸುತ್ತಿತ್ತು, ಅಂಥ ಕಡೆ ನಿಮ್ಮವನು ವರ್ಷಗಟ್ಟಲೆ ಡ್ರಾಫ್ಟ್ ಪಟ್ಟಿಯಲ್ಲೇ ಇರುತ್ತಿರಲಿಲ್ಲ. ಝೋನ್ (ಒಬ್ಬ ಆಟಗಾರನ ಬದಲು ಒಂದು ಜಾಗವನ್ನು ಕಾಯುವ ರೀತಿ) ಆಡುವ ತಂಡಗಳು ಕಣ್ಣು ಮತ್ತು ಟ್ಯಾಕಲ್‌ಗೆ ಬೆಲೆ ಕೊಡುತ್ತವೆ. ಡ್ರಾಫ್ಟ್ ಆಗದೆ ಬಂದ 5 ಅಡಿ 9 ಇಂಚಿನ ಕೆನ್ನಿ ಮೂರ್ ಕೋಲ್ಟ್ಸ್‌ನಲ್ಲಿ ನೆಲೆಯೂರಿ 2021ರಲ್ಲಿ ಪ್ರೋ ಬೌಲ್ ತಲುಪಿದ್ದು ಹಾಗೆ. ಅದೇ ಎತ್ತರದ, ಡ್ರಾಫ್ಟ್ ಆಗದ ಮೈಕ್ ಹಿಲ್ಟನ್ ಸ್ಟೀಲರ್ಸ್‌ನಲ್ಲಿ ಸ್ಲಾಟ್‌ನಿಂದ ಬ್ಲಿಟ್ಜ್ ಮಾಡುವುದನ್ನೇ (ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವುದನ್ನೇ) ಜೀವನೋಪಾಯ ಮಾಡಿಕೊಂಡ. ಚಿಕ್ಕವನು ಲೈನ್‌ಮನ್‌ಗಳ ಹಿಂದೆ ಕ್ವಾರ್ಟರ್‌ಬ್ಯಾಕ್‌ಗೆ ತಡವಾಗಿ ಕಾಣುತ್ತಾನೆ, ಅಲ್ಲಿ ಗಾತ್ರದ ಕೊರತೆಯೇ ಲಾಭ.

ನಾಲ್ಕನೇ ಸುತ್ತಿನ ಆಯ್ಕೆಯಿಂದ ಮೊದಲ ವರ್ಷ ಆರಂಭಿಕ ಹನ್ನೊಂದರಲ್ಲಿ ಜಾಗ ನಿರೀಕ್ಷಿಸಬೇಡಿ. ಪಂದ್ಯದ ದಿನದ ಪಟ್ಟಿಗೆ ಬರಲು ಅವನಿಗೆ ಸ್ಪೆಷಲ್ ಟೀಮ್ಸ್ (ಚೆಂಡು ಒದೆಯುವ, ಹಿಂದಿರುಗಿಸುವ ಆಟಗಳ ತಂಡ) ಕೆಲಸ ಬೇಕು. ಪಂಟ್ (ಎದುರಾಳಿ ಒದ್ದು ಕಳಿಸಿದ ಚೆಂಡು) ಹಿಂದಿರುಗಿಸಬಲ್ಲವನಾದರೆ ದಾರಿ ಸಲೀಸು. 2022ರ 85ನೇ ಆಯ್ಕೆ, 5 ಅಡಿ 8 ಇಂಚಿನ ಮಾರ್ಕಸ್ ಜೋನ್ಸ್ ಮೊದಲ ವರ್ಷವೇ ಜೆಟ್ಸ್ ವಿರುದ್ಧ ಕೊನೆಯ ಕ್ಷಣದಲ್ಲಿ 84 ಯಾರ್ಡ್ ಪಂಟ್ ಓಡಿ ಪೇಟ್ರಿಯಟ್ಸ್‌ಗೆ ಪಂದ್ಯ ಗೆದ್ದುಕೊಟ್ಟ, ರಿಟರ್ನರ್ ಆಗಿ ಆಲ್-ಪ್ರೋ ಆದ. ಕಾರ್ನರ್ ಕೆಲಸ ಕಲಿಯಲು ಅದು ಸಮಯ ಕೊಡುತ್ತದೆ. ಕಾರ್ನರ್ ರಾಂಡೆ ಬಾರ್ಬರ್ 1997ರ ಮೂರನೇ ಸುತ್ತಿನ ಆಯ್ಕೆ, ಮೊದಲ ಸೀಸನ್‌ನಲ್ಲಿ ಆಡಿದ್ದು ಒಂದೇ ಲೀಗ್ ಪಂದ್ಯ; ಕೊನೆಗೆ 47 ಇಂಟರ್‌ಸೆಪ್ಷನ್, 28 ಸ್ಯಾಕ್ (ಪಾಸ್ ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಿದ್ದು), 2023ರಲ್ಲಿ ಹಾಲ್ ಆಫ್ ಫೇಮ್.

ಗಾಯದ ಚರಿತ್ರೆಯಲ್ಲಿ ಭುಜದ ಶಸ್ತ್ರಚಿಕಿತ್ಸೆ ಇದ್ದರೆ ನನಗೆ ಚಿಂತೆ. ಮಂಡಿಯ ಗಾಯ ಯಾರಿಗಾದರೂ ಆಗಬಹುದು, ಆದರೆ ಚಿಕ್ಕವನ ಭುಜ ಪ್ರತಿ ಟ್ಯಾಕಲ್‌ನಲ್ಲೂ ದೊಡ್ಡವನಿಗಿಂತ ಹೆಚ್ಚು ಸುಂಕ ತೆರುತ್ತದೆ.

ಆಗಸ್ಟ್‌ನ ಪ್ರೀಸೀಸನ್ ಪಂದ್ಯಗಳಲ್ಲಿ ಹೀಗೆ ನೋಡಿ. ಮೊದಲ ಪಂದ್ಯದಲ್ಲಿ ಅವನನ್ನು ಹೊರಗೆ ನಿಲ್ಲಿಸಿದರಾ, ಒಳಗಾ ಎಂದು ಗುರುತಿಸಿ. ಎರಡನೆಯದರಲ್ಲಿ, ಎದುರಾಳಿ ಇಬ್ಬರು ಟೈಟ್ ಎಂಡ್‌ಗಳನ್ನು ತಂದಾಗಲೂ ಅವನು ಮೈದಾನದಲ್ಲಿ ಉಳಿಯುತ್ತಾನಾ ನೋಡಿ. ಉಳಿದರೆ ಕೋಚ್‌ಗೆ ಅವನ ಟ್ಯಾಕಲ್ ಮೇಲೆ ನಂಬಿಕೆ ಬಂದಿದೆ ಎಂದರ್ಥ. ಮೂರನೆಯದರಲ್ಲಿ ಪಂಟ್ ತಂಡದ ಮೊದಲ ಸಾಲಿನಲ್ಲಿ ಅವನ ಅಂಗಿ ಸಂಖ್ಯೆ ಇದೆಯೇ ಹುಡುಕಿ. ಅವನು ನಾಲ್ಕನೇ ಕ್ವಾರ್ಟರ್‌ನವರೆಗೂ ಬರೀ ಹೊರಗಿನ ಕಾರ್ನರ್ ಆಗಿ ಆಡುತ್ತಿದ್ದು, ಸ್ಪೆಷಲ್ ಟೀಮ್ಸ್‌ನಲ್ಲಿ ಎಲ್ಲೂ ಕಾಣದಿದ್ದರೆ, 53 ಜನರ ಪಟ್ಟಿಗಿಂತ ಪ್ರಾಕ್ಟೀಸ್ ಸ್ಕ್ವಾಡ್ ಕಡೆಗೇ ಅವನ ದಾರಿ ಹೊರಟಿದೆ.